ಹಳೆ ಆಯಿಲಿನಲ್ಲಿ ಅದ್ದಿದ ಏರ್ ಫಿಲ್ಟರ್: ಕಾರವಾರದವರ ಪ್ರಶ್ನೆಗೆ

ಬೈಕಿನ ಇಂಜಿನ್ನಿಗೆ ಹೋಗುವ ಗಾಳಿಯ ಧೂಳು ಸೋಸುವ ಫೋಮ್ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು, ಗಾಡಿಯಿಂದ ಇಳಿಸಿದ ಹಳೆ ಇಂಜಿನ್ ಆಯಿಲಿನಲ್ಲಿ ಅದ್ದಿ, ಹಿಂಡದೆ ಹಾಗೇ ಹಾಕಿದ್ದೀರಿ. ಈಗ ಆಕ್ಸಿಲರೇಟರ್ ಜೋರಾಗಿ ತಿರುವಿದರೆ ಗಾಡಿ ಮುಗ್ಗರಿಸುತ್ತದೆ, ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕಾಡಿಗೆ ಹಚ್ಚಿದ ಹಾಗಿದೆ, ಗಾಳಿ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಬಿಚ್ಚಿಸಬೇಕಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಕಾರ್ಬೊರೇಟರ್ ಮುಟ್ಟಬೇಡಿ ಮಾರಾಯ್ರೆ. ಎಣ್ಣೆ ಜಾಸ್ತಿಯಾಗಿ ಗಾಳಿ ಹೋಗುತ್ತಿಲ್ಲ, ಬಹುಶಃ ಅಷ್ಟೇ. ಗಾಳಿ ಕಮ್ಮಿಯಾದರೆ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ, ಮಸಿ ಕಟ್ಟುತ್ತದೆ. ಮೊದಲು ಫಿಲ್ಟರ್ ಸರಿ ಮಾಡಿ, ಪ್ಲಗ್ ಒರೆಸಿ ಹಾಕಿ, ಆಮೇಲೆ ನೋಡೋಣ.

ಪೆಟ್ರೋಲ್ ಮಾತ್ರ ಇನ್ನು ಬೇಡ. ಬೆಂಕಿಯ ಭಯ ಒಂದು ಕಡೆ, ಫೋಮಿನ ಅಂಟು ಬಿಡುವುದು ಇನ್ನೊಂದು ಕಡೆ. ನಾನೂ ಶಿರಸಿಯಲ್ಲಿ ಮೊದಲ ವರ್ಷ ಇದನ್ನೇ ಮಾಡಿದವನು. ಫೋಮ್ ಅಂಟಿಸಿದ ಜಾಯಿಂಟಿನಲ್ಲಿ ಬೆರಳು ಹೋಗುವಷ್ಟೂ ಇರಲಿಲ್ಲ, ಸಣ್ಣ ಸೀಳು, ಅದು ಕಾಣಿಸದೆ ಬೇಸಿಗೆಯೆಲ್ಲ ಬನವಾಸಿ ಕಡೆ ಮಣ್ಣು ರಸ್ತೆಯಲ್ಲಿ ಓಡಿಸಿದೆ. ಮಳೆ ಹಿಡಿಯುವಷ್ಟರಲ್ಲಿ ನೀಲಿ ಹೊಗೆ, ಕಿಕ್ಕರ್ ತುಳಿದರೆ ಕಂಪ್ರೆಷನ್ನೇ ಇಲ್ಲ. ಸೀಳಿನಿಂದ ಒಳಗೆ ಹೋದ ಧೂಳಿಗೆ ಪಿಸ್ಟನ್ ರಿಂಗೂ ಹೋಗಿತ್ತು, ಪಿಸ್ಟನ್ ಓಡಾಡುವ ಬೋರಿನ ಗೋಡೆಯೂ ಗೀರಿತ್ತು. ಖರ್ಚು ಎಷ್ಟಾಯಿತು ಅಂತ ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಈಗ ಕೆಲಸಕ್ಕೆ ಬರೋಣ. ಸೀಟು ತೆಗೆಯುವ ಮುಂಚೆ ಸುತ್ತಲಿನ ಧೂಳು ಒರೆಸಿ. ಫಿಲ್ಟರ್ ಎತ್ತುವಾಗ ಕೊಳೆ ಇಂಜಿನ್ ಕಡೆ ಹೋಗುವ ಒಳಗಿನ ಕೊಳವೆಗೆ ಉದುರಬಾರದು. ತೆಗೆದ ಕೂಡಲೇ ಆ ಬಾಯಿಗೆ ಶುದ್ಧ ಬಟ್ಟೆ ತುರುಕಿ. ಕೊನೆಗೆ ಬಟ್ಟೆ ತೆಗೆಯಲು ಮರೆಯಬೇಡಿ, ನಗಬೇಡಿ, ಮರೆತವರಿದ್ದಾರೆ. ಕೊಳವೆಯ ಒಳಗೆ ಬೆರಳು ಆಡಿಸಿ ನೋಡಿ. ಗರಗರ ಅಂದರೆ ಫಿಲ್ಟರ್ ದಾಟಿ ಧೂಳು ಬರುತ್ತಿದೆ ಅಂತ ಅರ್ಥ.

ತೊಳೆಯಲು ಫೋಮ್ ಫಿಲ್ಟರ್ ಕ್ಲೀನರ್ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಸೀಮೆಎಣ್ಣೆ ಸಾಕು, ಆದರೆ ಅದು ಈಗ ಸಿಗುವುದೇ ಕಷ್ಟ, ನಿಮ್ಮ ಕಡೆ ನಾಡದೋಣಿ ಮೀನುಗಾರರ ಸೀಮೆಎಣ್ಣೆ ಪಾಲಿಗೆ ಕೈ ಹಾಕಬೇಡಿ. ಹಳೆ ಎಣ್ಣೆ ಬಿಟ್ಟ ಮೇಲೆ ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಇನ್ನೊಂದು ಸಲ ತೊಳೆಯಿರಿ. ಅಂಗೈಯಲ್ಲಿ ಒತ್ತಿ ಹಿಂಡಿ, ಬಟ್ಟೆ ಹಿಂಡಿದ ಹಾಗೆ ತಿರುಚಬೇಡಿ, ಹರಿಯುತ್ತದೆ. ನೀರು ಬಿಡುವಾಗ ಒಳಗಿನಿಂದ ಹೊರಗೆ ಬಿಡಿ. ಆ ಕೊಳೆ ನೀರನ್ನು ಬಾವಿ ಹತ್ತಿರವಾಗಲಿ ತೋಟದ ಬಸಿಗಾಲುವೆಗಾಗಲಿ ಚೆಲ್ಲುವುದು ಬೇಡ.

ನಮ್ಮ ಜಿಲ್ಲೆಯಲ್ಲಿ ನಿಜವಾದ ತಲೆನೋವು ಒಣಗಿಸುವುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಉಟ್ಟ ಬಟ್ಟೆಯೇ ಒಣಗುವುದಿಲ್ಲ, ಇನ್ನು ದಪ್ಪ ಫೋಮ್ ಎಲ್ಲಿ ಒಣಗಬೇಕು. ಬೇಗ ಆಗಲಿ ಅಂತ ಬಚ್ಚಲ ಒಲೆ ಪಕ್ಕ ಇಟ್ಟವರ ಫೋಮ್ ಮುದುರಿ ಹೋಗಿದೆ. ಹೊರಗೆ ಒಣಗಿದ ಹಾಗೆ ಕಂಡರೂ ನಡುವೆ ತೇವ ಇರುತ್ತದೆ, ತೇವದ ಮೇಲೆ ಎಣ್ಣೆ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ನನ್ನ ಮಾತು ಕೇಳಿ, ಎರಡು ಫಿಲ್ಟರ್ ಇಟ್ಟುಕೊಳ್ಳಿ. ಒಂದು ಗಾಡಿಯಲ್ಲಿ, ಇನ್ನೊಂದು ಅಟ್ಟದ ಮೇಲೆ ನಿಧಾನಕ್ಕೆ ಒಣಗುತ್ತಿರಲಿ. ಬೇರೆ ಆ್ಯಕ್ಸೆಸರಿಗೆ ಸುಮ್ನೆ ಸುರಿಯುವ ದುಡ್ಡನ್ನು ಇದಕ್ಕೆ ಹಾಕಿ.

ಎಣ್ಣೆ ವಿಷಯ. ಫೋಮಿನ ತೂತು ಧೂಳಿಗಿಂತ ದೊಡ್ಡದು. ಸಣ್ಣ ಧೂಳು ಹಿಡಿಯುವುದು ಅಂಟಂಟು ಎಣ್ಣೆ. ಶಿರಸಿ ಕಡೆಯ ಕೆಂಪು ಧೂಳು ಅರಿಶಿನ ಪುಡಿಯ ಹಾಗೆ ನುಣುಪು, ಎಣ್ಣೆ ಇಲ್ಲದ ಫೋಮಿನಲ್ಲಿ ಆರಾಮಾಗಿ ದಾಟುತ್ತದೆ. ಹಳೆ ಇಂಜಿನ್ ಆಯಿಲಿನಲ್ಲಿ ಲೋಹದ ಪುಡಿಯೂ ಇರುತ್ತದೆ, ತೆಳ್ಳಗಾಗಿಯೂ ಇರುತ್ತದೆ, ಅದು ಕೆಳಗೆ ಇಳಿದು ಮೇಲಿನ ಅರ್ಧ ಒಣ ಉಳಿಯುತ್ತದೆ. ಫೋಮ್ ಫಿಲ್ಟರ್ ಆಯಿಲೇ ತನ್ನಿ. ನಿಮ್ಮ ಗಾಡಿಯ ಮ್ಯಾನುಯಲ್ಲಿನಲ್ಲಿ ಗೇರ್ ಆಯಿಲ್ ಅಂತ ಇದ್ದರೆ ಅದೂ ನಡೆಯುತ್ತದೆ, ಹೊಸದು ಮಾತ್ರ. ಪ್ಲಾಸ್ಟಿಕ್ ಚೀಲದಲ್ಲಿ ಫೋಮ್ ಹಾಕಿ, ಎಣ್ಣೆ ಸುರಿದು, ಹಿಟ್ಟು ನಾದಿದ ಹಾಗೆ ಒತ್ತಿ. ಬಣ್ಣ ಎಲ್ಲ ಕಡೆ ಒಂದೇ ಥರ ಕಾಣಬೇಕು, ಹಿಂಡಿದ ಮೇಲೆ ಒಂದು ಹನಿಯೂ ತೊಟ್ಟಿಕ್ಕಬಾರದು. ನೀವು ತಪ್ಪಿದ್ದು ಇಲ್ಲೇ.

ಫಿಲ್ಟರ್ ಕೂರುವ ಅಂಚಿಗೆ ತೆಳ್ಳಗೆ ಗ್ರೀಸ್ ಹಚ್ಚಿ, ಬೋಲ್ಟ್ ಬಿಗಿದ ಮೇಲೆ ಸುತ್ತ ಕೈ ಆಡಿಸಿ ಎಲ್ಲೂ ಮಡಚಿಲ್ಲ ಅಂತ ನೋಡಿಕೊಳ್ಳಿ. ಫಿಲ್ಟರ್ ಇರುವ ಡಬ್ಬಿ, ಅಂದರೆ ಏರ್ ಬಾಕ್ಸಿನ ತಳದಲ್ಲಿ ನೀರು ಇಳಿಯುವ ಪೈಪ್ ಇದ್ದರೆ ಅದನ್ನೂ ಒಮ್ಮೆ ಖಾಲಿ ಮಾಡಿ, ಹಳ್ಳ ದಾಟಿದ ದಿನವಂತೂ ತಪ್ಪದೆ.

ಎಷ್ಟು ದಿನಕ್ಕೊಮ್ಮೆ ಅಂದರೆ, ಧೂಳಿನಲ್ಲಿ ಇನ್ನೊಬ್ಬರ ಹಿಂದೆ ಓಡಿಸಿದರೆ ಪ್ರತಿ ಸಲ. ಒಬ್ಬರೇ ಹೋದರೆ ಎರಡು ಮೂರು ಸವಾರಿಗೊಮ್ಮೆ ಬಿಚ್ಚಿ ನೋಡಿ. ಕಡಲ ದಂಡೆಗೆ ಗಾಡಿ ಇಳಿಸುವುದೇ ನನಗೆ ಇಷ್ಟವಿಲ್ಲ, ಚಳಿಗಾಲದಲ್ಲಿ ಆಮೆಗಳು ಮೊಟ್ಟೆ ಇಡುವ ಜಾಗ ಅದು, ಮೇಲೆ ಉಪ್ಪಿನ ಗಾಳಿಗೆ ಫೋಮ್ ಹಿಡಿದಿಡುವ ಕೇಜಿನ ಸ್ಕ್ರೂ ತುಕ್ಕು ಹಿಡಿಯುತ್ತದೆ.

ಒತ್ತಿ ಬಿಟ್ಟರೆ ಫೋಮ್ ಮತ್ತೆ ಉಬ್ಬದಿದ್ದರೆ, ಪುಡಿ ಉದುರಿದರೆ, ಅಂಟು ಬಿಟ್ಟಿದ್ದರೆ ತೊಳೆಯುವ ಗೋಜಿಗೆ ಹೋಗದೆ ಹೊಸದು ಹಾಕಿ. ಇನ್ನು ಇದನ್ನು ಓದುವ ಪೇಪರ್ ಫಿಲ್ಟರ್ ಗಾಡಿಯವರು, ಇದೆಲ್ಲ ನಿಮಗಲ್ಲ. ಅದಕ್ಕೆ ನೀರೂ ಬೇಡ, ಎಣ್ಣೆಯೂ ಬೇಡ, ಮ್ಯಾನುಯಲ್ ಹೇಳಿದಷ್ಟು ಕಿಲೋಮೀಟರಿಗೆ ಬದಲಿಸಿ.

ನಿಮ್ಮದು ಪೆಟ್ರೋಲ್ ಕುಡಿದ ಫೋಮ್ ಆದ್ದರಿಂದ ತೊಳೆದ ಮೇಲೆ ಬಿಸಿಲಿಗೆ ಹಿಡಿದು, ಜಾಯಿಂಟ್ ಸ್ವಲ್ಪ ಎಳೆದು ಒಂದು ಫೋಟೊ ಹಾಕಿ. ಬೆಳಕು ಗೆರೆಯಾಗಿ ಕಂಡರೆ ಅದನ್ನು ಮತ್ತೆ ಗಾಡಿಗೆ ಹಾಕಬೇಡಿ.