ಷಡ್ಜಕ್ಕೆ ರಜೆ ಕೊಡಿ

ಪ್ರಶ್ನೆ: ಕುಂಬಳೆಯಲ್ಲಿ ಹಾರ್ಮೋನಿಯಂ ಕಲಿಸುತ್ತೇನೆ. ಯಾವ ಸ್ವರಕ್ಕೂ ಯಜಮಾನಿಕೆ ಕೊಡದೆ ಹನ್ನೆರಡನ್ನೂ ಒಮ್ಮೊಮ್ಮೆ ಬಳಸುವ, ಆಸ್ಟ್ರಿಯದ ಸಂಗೀತಕಾರ ಷೋನ್‌ಬರ್ಗ್ ಕ್ರಮದಲ್ಲಿ ಸ್ವರಗಳ ಸಾಲು ಕಟ್ಟಿ ಕಳುಹಿಸಿದ್ದೇನೆ. ಯಾವ ಸ್ವರವೂ ಮರಳಿ ಬಂದಿಲ್ಲ, ಆದರೂ ರಾಗದ ವಾಸನೆ ಹೋಗುತ್ತಿಲ್ಲವಲ್ಲ?

ಉತ್ತರ: ಹೋಗುವುದು ಹೇಗೆ ಮೇಷ್ಟ್ರೇ? ನಿಮ್ಮ ಮೊದಲ ಐದು ಸ್ವರಗಳು ಸ, ಚತುಶ್ರುತಿ ರಿ, ಅಂತರ ಗ, ಪ, ಚತುಶ್ರುತಿ ದ. ಅದು ಅಪ್ಪಟ ಮೋಹನ ರಾಗ! ಸ ಆದ ಮೇಲೆ ಪ್ರತಿ ಮಧ್ಯಮ, ಅದರ ಬೆನ್ನಿಗೇ ಶುದ್ಧ ಮಧ್ಯಮ ಇಟ್ಟು ನೋಡಿ. ಸ್ವರಗಳನ್ನು ಬೇರೆ ಬೇರೆ ಸ್ಥಾಯಿಗಳಿಗೆ ಚೆದುರಿಸಿ. ಶ್ರುತಿಪೆಟ್ಟಿಗೆಯನ್ನಂತೂ ಮುಚ್ಚಿಡಿ, ಷಡ್ಜ, ಅಂದರೆ ಸ, ಮೊರೆಯುತ್ತಿದ್ದರೆ ಉಳಿದ ಹನ್ನೊಂದೂ ಅದರ ಒಕ್ಕಲುಗಳೇ. ಬಳಿಕ ಸಾಲಿನ ಹಿಮ್ಮುಖ (ಕೊನೆಯಿಂದ ಮೊದಲಿಗೆ), ತಲೆಕೆಳಗು (ಏರಿದಲ್ಲಿ ಅಷ್ಟೇ ಇಳಿಕೆ, ಇಳಿದಲ್ಲಿ ಅಷ್ಟೇ ಏರಿಕೆ), ಎರಡೂ ಸೇರಿದ್ದು: ಮೂಲದೊಂದಿಗೆ ನಾಲ್ಕು ರೂಪ, ಒಂದೊಂದನ್ನೂ ಹನ್ನೆರಡು ಸ್ವರಸ್ಥಾನಗಳಿಂದ ಆರಂಭಿಸಿದರೆ 48. ನನ್ನ ಮೊದಲ ಸಾಲನ್ನು ಕೇಳಿದ ಅತ್ತೆ, ‘ಪೆಟ್ಟಿಗೆ ರಿಪೇರಿಯೋ?’ ಎಂದಿದ್ದರು.