ಕಾಮೆಂಟ್ ಓದಿ ಹೆದರಿರುವವರಿಗೆ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಿಂದ

ಮುಂದಿನ ತಿಂಗಳು ಬನಶಂಕರಿಯಿಂದ ಇಲ್ಲಿಗೆ ಓದಲು ಬರುತ್ತಿದ್ದೀರಿ. ಭಾರತೀಯರ ವಿಡಿಯೋಗಳ ಕೆಳಗಿನ ಕೊಳಕು ಕಾಮೆಂಟ್ ಓದಿ ನಿದ್ದೆ ಬರುತ್ತಿಲ್ಲ, ಅಲ್ಲಿನ ಜನ ನಿಜವಾಗಲೂ ಹಾಗೇನಾ ಅಂತ ಕೇಳಿದ್ದೀರಿ. ಇಲ್ಲ. ನಾನು ಬಂದಿದ್ದು 2013ರಲ್ಲಿ, ಇಷ್ಟು ವರ್ಷದಲ್ಲಿ ನನ್ನ ಬಣ್ಣ ನೋಡಿ ಬೈದವರು ಇಬ್ಬರು, ಇಬ್ಬರೂ ಓಡುವ ಕಾರಿನಿಂದ ಕೂಗಿ ಹೋದವರು. ಪಕ್ಕದ ಮನೆ ಅಜ್ಜಿ ಪ್ರತಿ ಬೇಸಿಗೆಯಲ್ಲೂ ತಮ್ಮ ಗಿಡದ ಪ್ಲಮ್ ಹಣ್ಣು ತಂದು ನಮ್ಮ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ.

ಹಾಗಂತ ಬರೀ ಕಾಮೆಂಟ್ ತಾನೇ ಅಂತ ಬಿಡುವ ಹಾಗೂ ಇಲ್ಲ. 2019ರ ಮಾರ್ಚ್ 15, ಶುಕ್ರವಾರ. ಇಲ್ಲಿನ ಎರಡು ಮಸೀದಿಗಳಲ್ಲಿ ಒಬ್ಬ ಗುಂಡು ಹಾರಿಸಿದ, 51 ಜನರ ಜೀವ ಹೋಯಿತು. ಸ್ಕೂಲುಗಳ ಬಾಗಿಲು ಹಾಕಿಬಿಟ್ಟಿದ್ದರು, ಸಂಜೆವರೆಗೂ ಮಗಳನ್ನು ಹೊರಗೆ ಬಿಡಲಿಲ್ಲ. ಅವಳು ಮನೆಗೆ ಬಂದು ತಟ್ಟೆ ಮುಂದೆ ಕೂತಿದ್ದಾಳೆ, ತುತ್ತು ಇಳಿಯುತ್ತಿಲ್ಲ, ಅಷ್ಟರಲ್ಲಿ ನನ್ನ ಫೋನಿಗೆ ಮಲ್ಲೇಶ್ವರದಿಂದ ಅಣ್ಣನ ಮಗನ ಮೆಸೇಜ್. 'ಚಿಕ್ಕಪ್ಪ, ಇದು ನಿಮ್ಮ ಊರೇ ಅಲ್ವಾ?' ಕೆಳಗೆ ಆ ಕೊಲೆಗಾರ ಫೇಸ್‌ಬುಕ್‌ನಲ್ಲಿ ಲೈವ್ ಹಾಕಿದ್ದ ವಿಡಿಯೋ. ಹುಡುಗ ಕೆಟ್ಟವನಲ್ಲ, ಗಾಬರಿಯಲ್ಲಿ ಕಳಿಸಿದ್ದು. ಮೊದಲ 24 ಗಂಟೆಯಲ್ಲೇ ಫೇಸ್‌ಬುಕ್ 15 ಲಕ್ಷ ಕಾಪಿ ತೆಗೆದುಹಾಕಿತು. ಕೊಂದವನಿಗೆ ಬೇಕಾಗಿದ್ದೂ ಅದೇ, ಎಲ್ಲರೂ ನೋಡಬೇಕು, ಎಲ್ಲರೂ ಹಂಚಬೇಕು.

ವಲಸೆ ಬಂದವರು ಬಿಳಿಯರ ಜಾಗ ಕಿತ್ತುಕೊಳ್ಳುತ್ತಿದ್ದಾರೆ ಅನ್ನೋ ಸುಳ್ಳು ಅವನ ತಲೆ ತುಂಬಾ ಇತ್ತು. ಅವನಿಗೆ ಯೂಟ್ಯೂಬ್‌ನಿಂದಲೂ ಸಾಕಷ್ಟು ಕುಮ್ಮಕ್ಕು ಸಿಕ್ಕಿತ್ತು ಅಂತ 2020ರಲ್ಲಿ ಇಲ್ಲಿನ ತನಿಖಾ ಆಯೋಗ ಹೇಳಿತು. ಈ ಸುಳ್ಳು ಮೊದಲು ಬರುವುದು ಮೀಮ್ ಆಗಿ, ತಮಾಷೆಯಾಗಿ. ಒಂದಕ್ಕೆ ನಕ್ಕರೆ ಅಂಥದ್ದೇ ಇನ್ನೊಂದು ಕಣ್ಣ ಮುಂದೆ ಬರುತ್ತದೆ. 2022ರಲ್ಲಿ ಅಮೆರಿಕದ ಬಫಲೋದಲ್ಲಿ ಇನ್ನೊಬ್ಬ ಇವನನ್ನೇ ಮಾದರಿ ಮಾಡಿಕೊಂಡು 10 ಜನ ಕಪ್ಪು ಜನಾಂಗದವರನ್ನು ಕೊಂದ.

ನಮ್ಮ ಬೆಂಗಳೂರೂ ಇಂಥದ್ದನ್ನು ಕಂಡಿದೆ. 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿ ಆಗುತ್ತದೆ ಅನ್ನೋ ಬರೀ ಮೆಸೇಜ್, ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ನಮ್ಮ ಆಫೀಸಿನ ಸೆಕ್ಯುರಿಟಿ ಹುಡುಗ ಅಸ್ಸಾಮಿನವನು, ಆ ತಿಂಗಳ ಸಂಬಳವನ್ನೂ ತಗೊಳ್ಳದೆ ಹೋದ. ಅವನ ಫೋನಿನಲ್ಲಿದ್ದ ಮೆಸೇಜ್ ನಾನೇ ಓದಿದ್ದೆ, ಬರೆದವರ ಹೆಸರೇ ಇರಲಿಲ್ಲ.

ಇಲ್ಲಿ ನಮ್ಮವರ ವಾಟ್ಸಾಪ್ ಗುಂಪುಗಳಲ್ಲೂ ಈ ದೇಶದ ಮೂಲನಿವಾಸಿ ಮಾವೊರಿಗಳ ಬಗ್ಗೆ, ಮುಸ್ಲಿಮರ ಬಗ್ಗೆ ಜೋಕ್ ಬರುತ್ತವೆ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ, ಹಾಕಿದವರಿಗೆ ಬೇಡ ಅಂತ ನೇರವಾಗಿ ಹೇಳಿ. ದಾರಿಯಲ್ಲಿ ಯಾರಾದರೂ ಬೈದರೆ ಗಾಡಿ ನಂಬರ್ ಬರೆದುಕೊಂಡು 105ಕ್ಕೆ ಫೋನ್ ಮಾಡಿ, ಪೊಲೀಸರು ದೂರು ಬರೆದುಕೊಳ್ಳುತ್ತಾರೆ. ಹೊಡೆಯಲು ಬಂದರೆ ತುರ್ತು ನಂಬರ್ 111. ಬಂದ ದಿನ ನನಗೂ ಒಂದು ಫೋನ್ ಮಾಡಿ, ಊಟಕ್ಕೆ ನಮ್ಮ ಮನೆಗೇ ಬನ್ನಿ.