ರಕ್ತದಲ್ಲಿ ಕ್ಯಾಂಡಿಡಾ ಬಂದಿದೆ ಎಂದರೆ ಎಷ್ಟು ಗಂಭೀರ?

ಕೊಪ್ಪಳದವರಾದ ನಿಮ್ಮ ತಂದೆಗೆ ಕರುಳಿನ ಶಸ್ತ್ರಚಿಕಿತ್ಸೆ ಆಗಿದೆ, ಆಂಟಿಬಯೋಟಿಕ್ ಕೊಟ್ಟರೂ ಜ್ವರ ಇಳಿದಿಲ್ಲ, ಈಗ ರಕ್ತದ ಮಾದರಿಯಲ್ಲಿ ರೋಗಾಣು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದಿದೆ ಎಂದು ಬರೆದಿದ್ದೀರಿ. ನಾನು ಬಳ್ಳಾರಿಯಲ್ಲಿ ಐಸಿಯು ವೈದ್ಯ. ಇದು ಜೀವಕ್ಕೆ ಅಪಾಯ ತರುವ ಸೋಂಕು, ಆದರೆ ಬೇಗ ಹಿಡಿದರೆ ಚಿಕಿತ್ಸೆಗೆ ಬಗ್ಗುತ್ತದೆ.

2021ರ ಕಪ್ಪು ಶಿಲೀಂಧ್ರ ಇದಲ್ಲ. ಅದು ಮ್ಯೂಕರ್ ಎಂಬ ಬೇರೆ ಶಿಲೀಂಧ್ರ, ಅದಕ್ಕೆ ಆಂಫೊಟೆರಿಸಿನ್ ಔಷಧದ ಜೊತೆಗೆ ಕೊಳೆತ ಭಾಗವನ್ನು ಕತ್ತರಿಸಿ ತೆಗೆಯಬೇಕು. ಕ್ಯಾಂಡಿಡಾ ನಮ್ಮೆಲ್ಲರ ಬಾಯಿಯಲ್ಲಿ, ಕರುಳಿನಲ್ಲಿ ಇರುವಂಥದ್ದೇ. ಆಂಟಿಬಯೋಟಿಕ್‌ಗಳು ಬ್ಯಾಕ್ಟೀರಿಯಾವನ್ನು ಕೊಂದಾಗ ಅದು ಹೆಚ್ಚುತ್ತದೆ. ಕರುಳಿನ ಗಾಯದಿಂದಲೋ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಮೂಲಕವೋ ರಕ್ತ ಸೇರುತ್ತದೆ.

ಕಫದಲ್ಲಿ ಕ್ಯಾಂಡಿಡಾ ಕಂಡರೆ ಸಾಮಾನ್ಯವಾಗಿ ಔಷಧ ಬೇಕಿಲ್ಲ. ರಕ್ತದಲ್ಲಿ ಮಾತ್ರ ಒಂದೇ ಬಾಟಲಿಯಲ್ಲಿ ಬೆಳೆದರೂ ಹೊರಗಿನಿಂದ ಸೇರಿಕೊಂಡದ್ದು ಎಂದು ತಳ್ಳಿಹಾಕುವಂತಿಲ್ಲ. ದೇಹದೊಳಗೆ ಹರಡಿದ ಕ್ಯಾಂಡಿಡಾ ಸೋಂಕನ್ನು ಕಲ್ಚರ್ ಸುಮಾರು ಅರ್ಧದಷ್ಟು ರೋಗಿಗಳಲ್ಲಷ್ಟೇ ಪತ್ತೆ ಹಚ್ಚುತ್ತದೆ. ಹಾಗಾಗಿ ಎಷ್ಟೋ ಸಲ ವರದಿಗೆ ಕಾಯದೆ, ಅನುಮಾನದ ಮೇಲೆಯೇ ನಾವು ಔಷಧ ಆರಂಭಿಸುತ್ತೇವೆ.

ಇಷ್ಟು ಕಾಯಿಲೆ ಬಿದ್ದವರಿಗೆ ಮೊದಲ ಆಯ್ಕೆ ಕ್ಯಾಸ್ಪೊಫಂಜಿನ್, ಮೈಕಾಫಂಜಿನ್ ಅಥವಾ ಅನಿಡುಲಾಫಂಜಿನ್ ಇಂಜೆಕ್ಷನ್. ಅಗ್ಗದ ಫ್ಲುಕೊನಜೋಲ್ ಸರದಿ ಆಮೇಲೆ: ರೋಗಿ ಚೇತರಿಸಿಕೊಂಡು, ಆ ಪ್ರಭೇದ ಅದಕ್ಕೆ ಮಣಿಯುತ್ತದೆ ಎಂಬ ವರದಿ ಬಂದರೆ. 2009ರಲ್ಲಿ ಜಪಾನಿನಲ್ಲಿ ಮೊದಲು ಗುರುತಿಸಿದ ಪ್ರಭೇದ ಕ್ಯಾಂಡಿಡಾ ಆರಿಸ್‌ಗೆ ಫ್ಲುಕೊನಜೋಲ್ ಬಹುತೇಕ ನಾಟುವುದೇ ಇಲ್ಲ. ಆದ್ದರಿಂದ ಯಾವ ಕ್ಯಾಂಡಿಡಾ ಎಂದು ಕೇಳಿ. ಸೆಂಟ್ರಲ್ ಲೈನ್ ತೆಗೆಯುತ್ತೀರಾ ಎಂದೂ ಕೇಳಿ. ಶಿಲೀಂಧ್ರ ಆ ಕೊಳವೆಗೆ ಅಂಟಿಕೊಂಡಿದ್ದರೆ ಔಷಧವೊಂದರಿಂದ ಅದು ಬಿಡುವುದು ಕಷ್ಟ.

ಜ್ವರ ಬಿಟ್ಟಿತು, ಮನೆಗೆ ಕಳಿಸಿ ಎಂದು ಸಿರುಗುಪ್ಪ, ಸಂಡೂರು ಕಡೆಯ ಮನೆಯವರು ಕೇಳುವುದನ್ನು ನೋಡಿದ್ದೇನೆ. ಖರ್ಚಿನ ಭಾರ ನನಗೆ ಅರ್ಥವಾಗುತ್ತದೆ, ಆದರೂ ಒಪ್ಪಲಾರೆ. ಕಲ್ಚರ್ ಮತ್ತೆ ಮತ್ತೆ ಕಳಿಸಿ, ಶಿಲೀಂಧ್ರ ಬೆಳೆಯದ ಮೊದಲ ಮಾದರಿಯ ದಿನದಿಂದ ಕನಿಷ್ಠ 14 ದಿನ ಔಷಧ ನಡೆಯಬೇಕು. ಜ್ವರ ಇಳಿದ ದಿನದಿಂದ ಎಣಿಸುವುದಲ್ಲ. ಹೃದಯದ ಕವಾಟಕ್ಕೋ ಕಣ್ಣಿಗೋ ಹರಡಿದ್ದರೆ ಇನ್ನೂ ಹೆಚ್ಚು ದಿನ ಬೇಕು.

ಹಾಗೆ ಹರಡಿದೆಯೇ ಎಂದು ನೋಡುವ ಕಣ್ಣಿನ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ವೆಂಟಿಲೇಟರ್‌ನಲ್ಲಿರುವವರು ದೃಷ್ಟಿ ಮಂಜಾಗಿದೆ ಎಂದು ಹೇಳಲಾರರು. ನೇತ್ರತಜ್ಞರನ್ನು ಹಾಸಿಗೆಯ ಬಳಿಗೇ ಕರೆಸಲು ನೀವೇ ಕೇಳಿಕೊಳ್ಳಿ.